ಹರಳೆಣ್ಣೆಯ ಭಾನುವಾರ

ಭಾನುವಾರ ಬೆಳಿಗ್ಗೆ ನಮ್ಮ ಬೀದಿಗೆ ಕ್ಯಾಮೆರಾದವರು ಬರುತ್ತಾರೆ. ಹಾಲಿನವನು, ಪೇಪರಿನವನು, ಸೊಪ್ಪಿನವಳು ಬಂದು ಹೋದ ಮೇಲೆ ಇವರ ಸರದಿ. ದೊಡ್ಡನೆಕ್ಕುಂದಿಯ ಹಳೇ ಊರಿನ ಬೀದಿ ನಮ್ಮದು. ಎರಡು ಸ್ಕೂಟರ್ ಎದುರುಬದುರಾದರೆ ಒಂದು ಹಿಂದಕ್ಕೆ ಸರಿಯಬೇಕು. ಅಂಥದ್ದರಲ್ಲಿ ಇವರು ಗುಂಪು ಕಟ್ಟಿಕೊಂಡು ಬಂದು, ಒಬ್ಬ ನೆಲಕ್ಕೆ ಮಂಡಿಯೂರಿ, ಇನ್ನೊಬ್ಬಳು ಚರಂಡಿ ಚಪ್ಪಡಿಯ ಮೇಲೆ ನಿಂತು, ಮತ್ತೊಬ್ಬ ಯಾರದೋ ಮನೆಯ ಮೆಟ್ಟಿಲ ಮೇಲೆ ಅಂಗಾತ ಮಲಗಿ ಫೋಟೋ ತೆಗೆಯುತ್ತಾರೆ. ಅವರಿಗೆ ಬೇಕಾದದ್ದು ಹಸು, ನಾಯಿ, ಒಣಗಲು ಹಾಕಿದ ಬಟ್ಟೆ, ಬಣ್ಣ ಉದುರಿದ ಬಾಗಿಲು, ಮುದುಕರು. ಐವತ್ತು ದಾಟಿದ, ನೈಟಿಯ ಮೇಲೆ ಟವೆಲ್ ಹೊದ್ದ ನನ್ನಂಥ ಹೆಂಗಸರ ಮೇಲೆ ಅವರ ಕಣ್ಣು ಬೀಳುವುದಿಲ್ಲ. ನಾವು ಅಡ್ಡ ಬಂದರೆ ಸ್ವಲ್ಪ ಸರಿಯಿರಿ ಎನ್ನುತ್ತಾರೆ.

ಅವರಿಗೆ ನಮ್ಮ ಮೇಲೆ ಪ್ರೀತಿಯಿಲ್ಲ ಎಂದು ನಾನು ಹೇಳುವುದಿಲ್ಲ. ಪ್ರೀತಿ ಇದೆ, ಅದೇ ತೊಂದರೆ. ನಮ್ಮನ್ನು ನೋಡಿದ ಕೂಡಲೇ ಅವರ ಮುಖ ಮೆತ್ತಗಾಗುತ್ತದೆ, ದನಿ ತಗ್ಗುತ್ತದೆ. ಆಸ್ಪತ್ರೆಯಲ್ಲಿ ರೋಗಿಯ ಹಾಸಿಗೆಯ ಪಕ್ಕ ನಿಂತವರ ಹಾಗೆ ನಿಲ್ಲುತ್ತಾರೆ. ನಮಗೇನಾಗಿದೆ ಎಂದು ನಾವೇ ಗಾಬರಿಯಾಗಬೇಕು. ತೆಗೆದ ಫೋಟೋ ಕಳಿಸುತ್ತೇವೆ ಎಂದು ಎಷ್ಟು ಜನರ ನಂಬರು ಹಾಕಿಕೊಂಡು ಹೋದರೋ, ಯಾರಿಗೂ ಒಂದೂ ಬಂದಿಲ್ಲ.

ನಾನು ಹುಟ್ಟಿ ಬೆಳೆದದ್ದು ಜಾಲಹಳ್ಳಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ. ಅಲ್ಲಿ ಸಾಲಾಗಿ ಒಂದೇ ಥರದ ಮನೆಗಳು, ಮುಂದೆ ಬೇಲಿ, ಒಳಗೆ ನಾವು. ಯಾರಾದರೂ ಬಂದರೆ ಮೊದಲು ಪರದೆ ಸರಿಸಿ ನೋಡುತ್ತಿದ್ದೆವು. ಮದುವೆಯಾಗಿ ಈ ಊರಿಗೆ ಬಂದಾಗ ನನಗೆ ಅತಿ ವಿಚಿತ್ರವಾಗಿ ಕಂಡದ್ದು ಮನೆಯ ಮುಂದಿನ ಜಗಲಿ, ಅದರ ಮೇಲೆ ಇಡೀ ದಿನ ಕೂತಿರುವ ನಮ್ಮ ಅತ್ತೆ. ಊಟ, ಸೊಪ್ಪು ಬಿಡಿಸುವುದು, ಜಗಳ, ನಗು, ನಿದ್ದೆ ಎಲ್ಲವೂ ಅಲ್ಲಿಯೇ. ರಸ್ತೆಯಲ್ಲಿ ಹೋಗುವವರನ್ನೆಲ್ಲ ನಿಲ್ಲಿಸಿ ಮಾತಾಡಿಸಬೇಕು. ಬಾಡಿಗೆದಾರರು ಕೀ ಕೊಟ್ಟು ಹೋಗುವುದು ಅವರ ಕೈಗೆ, ಪಾರ್ಸಲ್ ತಂದವರು ವಿಳಾಸ ಕೇಳುವುದು ಅವರನ್ನು. ಆರೋಗ್ಯವಾಗಿರುವ ಮನುಷ್ಯರು ಮನೆಯೊಳಗೆ ಏಕೆ ಕೂರಬೇಕು ಎನ್ನುವುದು ಅವರ ಪ್ರಶ್ನೆ.

ಹಳೇ ಮನೆ ಕೆಡವಿ ಮೂರು ಮಹಡಿ ಕಟ್ಟುವಾಗ ಅತ್ತೆ ಮಗನಿಗೆ ಹೇಳಿದ್ದು ಒಂದೇ ಮಾತು: "ಇಂದುಗಡೆ ಏನಾರ ಮಾಡ್ಕೊ, ಮುಂದ್ಗಡೆ ಕೈ ಇಕ್ಬೇಡ." ಹಾಗಾಗಿ ಇವತ್ತಿಗೂ ನಮ್ಮ ಮನೆಯನ್ನು ಮುಂದಿನಿಂದ ನೋಡಿದರೆ ಹಳೇ ಕಂಬ, ಹಳೇ ಜಗಲಿ, ಗಿಳಿಹಸಿರು ಬಣ್ಣದ ಗೋಡೆ. ಅದರ ಬೆನ್ನಿಗೆ ಮಹಡಿಗಳು, ನೀರಿನ ಟ್ಯಾಂಕು, ಸೋಲಾರು. ಬೀದಿ ಕಿರಿದಾದ್ದರಿಂದ ಕೆಳಗೆ ನಿಂತವರಿಗೆ ಮೇಲಿನದು ಕಾಣುವುದಿಲ್ಲ. ಕತ್ತೆತ್ತಿ ನೋಡಬೇಕು. ಕ್ಯಾಮೆರಾದವರು ಕತ್ತೆತ್ತುವುದಿಲ್ಲ.

ಇನ್ನು ಎಣ್ಣೆಯ ವಿಷಯ. ಹೆಂಗಸರು ಎಣ್ಣೆ ಸ್ನಾನ ಮಾಡಬೇಕಾದದ್ದು ಮಂಗಳವಾರ ಇಲ್ಲವೇ ಶುಕ್ರವಾರ. ಆದರೆ ನಾನು ಇಲ್ಲೇ ಇಂಡಸ್ಟ್ರಿಯಲ್ ಏರಿಯಾದ ಒಂದು ಕಾರ್ಖಾನೆಯಲ್ಲಿ ಬಿಡಿಭಾಗ ಪರೀಕ್ಷಿಸುವ ವಿಭಾಗದಲ್ಲಿದ್ದೇನೆ, ನನಗೆ ರಜೆ ಭಾನುವಾರ ಮಾತ್ರ. ಅತ್ತೆ ಗೊಣಗಿ ಗೊಣಗಿ ಕೊನೆಗೆ ಭಾನುವಾರಕ್ಕೆ ಒಪ್ಪಿಕೊಂಡರು. ತಾವೇ ಹಚ್ಚಿಕೊಳ್ಳಬಹುದಲ್ಲ ಎಂದರೆ ಇಲ್ಲ. ತನ್ನ ತಲೆಗೆ ತಾನೇ ಎಣ್ಣೆ ಒತ್ತಿಕೊಳ್ಳುವುದು ದಿಕ್ಕಿಲ್ಲದವರ ಕೆಲಸ ಎಂದು ಅವರ ನಂಬಿಕೆ. ಮನೆಯಲ್ಲಿ ಸೊಸೆ ಇದ್ದಾಳೆ, ಅವಳು ನೆತ್ತಿಗೆ ತಟ್ಟಬೇಕು, ಆ ಸದ್ದು ಬೀದಿಗೆ ಕೇಳಿಸಬೇಕು. ಅದಕ್ಕೆಂದೇ ಒಂದು ಹರಿದ ಸೀರೆ ಇತ್ತು, ನಾವು ಅದನ್ನು ಎಣ್ಣೆ ಸೀರೆ ಎನ್ನುತ್ತಿದ್ದೆವು. ಒಳ್ಳೆಯದನ್ನು ಉಟ್ಟರೆ ಹರಳೆಣ್ಣೆಯ ಜಿಡ್ಡು ಹೋಗುವುದಿಲ್ಲ. ತಲೆಗೆ ಆದ ಮೇಲೆ ಕಣ್ಣಿಗೂ ಒಂದೊಂದು ತೊಟ್ಟು ಬಿಟ್ಟುಕೊಳ್ಳುತ್ತಿದ್ದರು, ತಂಪು ಅಂತ. ಆಮೇಲೆ ಕೂದಲು ಬಿಚ್ಚಿಹಾಕಿ ಬಿಸಿಲಿಗೆ ಮುಖ ಮಾಡಿ ಕೂತರೆ ಕಣ್ಣಿನಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು. ನೋಡುವವರಿಗೆ ಏನೆನಿಸಬಹುದು ಎಂದು ನಾವು ಯಾರೂ ಯೋಚಿಸಿರಲಿಲ್ಲ. ನಮ್ಮ ಬೀದಿಯಲ್ಲಿ ಅದು ಎಲ್ಲರಿಗೂ ಗೊತ್ತಿದ್ದ ವಿಷಯ.

ಆ ಭಾನುವಾರವೂ ಹೀಗೆಯೇ ಕೂತಿದ್ದೆವು. ಕಣ್ಣಿಗೂ ಎಣ್ಣೆ ಬಿಟ್ಟಾಗಿತ್ತು, ನಾನು ಪಕ್ಕದಲ್ಲಿ ಎಣ್ಣೆ ಬಟ್ಟಲು ಹಿಡಿದು ಇನ್ನೊಮ್ಮೆ ಅವರ ನೆತ್ತಿ ತಟ್ಟುತ್ತಿದ್ದೆ. ಗುಂಪಿನಿಂದ ಒಬ್ಬ ಹುಡುಗ ಬಂದ. ಹುಡುಗ ಎಂದರೆ ಮೂವತ್ತರ ಆಸುಪಾಸು, ರಿಂಗ್ ರೋಡಿನ ಕಡೆಗಿರುವ ದೊಡ್ಡ ಅಪಾರ್ಟ್‌ಮೆಂಟಿನವನು, ಆಗಾಗ ಬರುತ್ತಿದ್ದವನು. ಮರ್ಯಾದಸ್ಥ. ಕೇಳದೆ ತೆಗೆಯುವವನಲ್ಲ.

"ಅಜ್ಜಿ, ಒಂದು ಫೋಟೋ ತೆಗೀಲಾ?"

"ತಕ್ಕಳಪ್ಪಾ, ಅದ್ಕೇನಂತೆ. ಆದ್ರೆ ಈಗ ಬ್ಯಾಡ, ತಲೆಗೆಣ್ಣೆ ಆಕ್ಕೊಂಡಿವ್ನಿ. ನೀರುಯ್ಕೊಂಡು ಒಳ್ಳೆ ಸೀರೆ ಉಟ್ಕೊಂಡ್ ಬತ್ತೀನಿ, ಆಗ ತಗಿ."

ಅವನು ತಲೆಯಾಡಿಸಿದ. "ಆಯ್ತಜ್ಜಿ, ಮತ್ತೆ ಬರ್ತೀನಿ. ಒಂದು ಹಿಂಗೇ ಇರ್ಲಿ, ಹಿಂಗೇ ಚೆನ್ನಾಗಿದೆ." ಕ್ಲಿಕ್ ಎಂದಿತು. ಹೋದ.

ಅತ್ತೆ ಅವಸರವಸರವಾಗಿ ಸ್ನಾನ ಮುಗಿಸಿದರು. ದೊಡ್ಡ ಅಂಚಿನ ಸೀರೆ ತೆಗೆಸಿ ಉಟ್ಟರು, ಒದ್ದೆ ತಲೆಗೇ ಹೂ ಮುಡಿದರು, ಓಲೆ ಸರಿಮಾಡಿಕೊಂಡರು. ಊಟದ ಹೊತ್ತಿನವರೆಗೂ ಜಗಲಿಯ ಮೇಲೆ ನೆಟ್ಟಗೆ ಕೂತಿದ್ದರು. ಅವನು ಬರಲಿಲ್ಲ. "ಮರ್ತ್‌ಬುಟ್ಟ ಅಂತ ಕಾಣ್ತದೆ," ಎಂದು ಎದ್ದು ಹೋಗಿ ಮುದ್ದೆ ತಿಂದರು.

ಮುಂದಿನ ತಿಂಗಳು ಒಂದು ಸಂಜೆ ಕೆಲಸ ಮುಗಿಸಿ ಬಸ್ ಸ್ಟಾಪಿನಿಂದ ನಡೆದು ಬರುತ್ತಿದ್ದೆ. ಅಪಾರ್ಟ್‌ಮೆಂಟಿನ ಕಾಂಪೌಂಡಿಗೆ ಉದ್ದಕ್ಕೂ ದೊಡ್ಡ ದೊಡ್ಡ ಫೋಟೋಗಳನ್ನು ತೂಗುಹಾಕಿದ್ದರು. ಅಲ್ಲಿನ ಫೋಟೋ ಹವ್ಯಾಸಿಗಳ ಪ್ರದರ್ಶನವಂತೆ, ಸುತ್ತಮುತ್ತಲಿನ ಜನಜೀವನವಂತೆ. ನಾಯಿ ಇತ್ತು, ಹಸು ಇತ್ತು. ಅದರ ಪಕ್ಕದಲ್ಲಿ, ಆಳೆತ್ತರದಲ್ಲಿ, ನಮ್ಮ ಅತ್ತೆ ಇದ್ದರು.

ಕಪ್ಪು ಬಿಳುಪು. ಗಿಳಿಹಸಿರು ಗೋಡೆ ಸುಟ್ಟ ಮನೆಯ ಗೋಡೆಯಂತೆ ಕಪ್ಪಾಗಿತ್ತು. ಎಣ್ಣೆ ಮೆತ್ತಿದ ಕೂದಲು ಜಡೆಗಟ್ಟಿದಂತೆ ಕಾಣುತ್ತಿತ್ತು. ಸೀರೆಯ ಒಂದೊಂದು ತೂತೂ ಎದ್ದು ಕಾಣುತ್ತಿತ್ತು. ಎರಡು ಕೆನ್ನೆಯ ಮೇಲೂ ನೀರು. ಕೆಳಗೆ ಕನ್ನಡದಲ್ಲಿ, ಅದರ ಕೆಳಗೆ ಇಂಗ್ಲಿಷಿನಲ್ಲಿ ಬರೆದಿತ್ತು: ಯಾರೂ ಬಾರದ ಭಾನುವಾರ. ಊರಿನ ಹೆಸರೂ ಇತ್ತು.

ನಾನು ಪಕ್ಕದಲ್ಲೇ ಇದ್ದೆನಲ್ಲ ಎಂದು ಹುಡುಕಿದೆ. ಬಲಗಡೆ ಅಂಚಿನಲ್ಲಿ ಒಂದು ಕಪ್ಪು ಗುಡ್ಡೆ ಕಾಣಿಸಿತು. ಅದು ನನ್ನ ಮೊಣಕೈ. ಮಿಕ್ಕ ನನ್ನನ್ನು ಕತ್ತರಿಸಿ ಹಾಕಿದ್ದರು.

ನನ್ನ ಪಕ್ಕ ನಿಂತು ನೋಡುತ್ತಿದ್ದ ಹೆಂಗಸೊಬ್ಬಳು ನಾಲಗೆ ಲೊಚಗುಟ್ಟಿದಳು. "ಪಾಪ, ಮಕ್ಕಳು ನೋಡ್ಕೊಳಲ್ಲ ಅನ್ಸುತ್ತೆ ಅಲ್ವಾ ಮೇಡಂ? ಮನೇಲಿ ಸೊಸೆ ಅಂತ ಒಬ್ಳು ಇರ್ತಾಳಲ್ಲ, ಎಲ್ಲಾ ಅವಳದೇ ಕಾರುಬಾರು."

ಆ ಸೊಸೆ ನಾನೇ ಕಣ್ರೀ ಎಂದು ಹೇಳಲು ಬಾಯಿ ತೆರೆದೆ. ಹೇಳಿದರೆ ಅವಳು ನನ್ನನ್ನು ಹೇಗೆ ನೋಡಬಹುದು ಎಂದು ತಟ್ಟನೆ ಹೊಳೆದು ಬಾಯಿ ಮುಚ್ಚಿಕೊಂಡೆ. ಪಿತ್ತ ನೆತ್ತಿಗೇರಿತ್ತು. ಮನೆಗೆ ಬಂದವಳೇ ನಮ್ಮ ಮನೆಯವರ ಮೇಲೆ ಹರಿಹಾಯ್ದೆ. ಅವರದು ಹಾರ್ಡ್‌ವೇರ್ ಅಂಗಡಿ, ಗಿರಾಕಿಗಳು ಆಗಲೇ ವಿಷಯ ತಲುಪಿಸಿದ್ದರು. "ಒಂದು ಫೋಟೋಗೆ ಇಷ್ಟ್ಯಾಕೆ ಕುಣೀತೀಯ? ಒಂದು ಮಳೆ ಬಂದ್ರೆ ತಾನಾಗೇ ಹರಿದೋಗುತ್ತೆ," ಎಂದರು. ಅವರ ಸಿಟ್ಟು ಯಾವಾಗಲೂ ಹೀಗೆಯೇ, ಹವಾಮಾನದ ಮೇಲೆ ಹಾಕಿ ಕೂರುತ್ತಾರೆ. ಅತ್ತೆಗೆ ಹೇಳುವುದು ಬೇಡ ಎಂದು ಮಾತ್ರ ಇಬ್ಬರೂ ಒಪ್ಪಿಕೊಂಡೆವು.

ಮಳೆ ಬರಲಿಲ್ಲ, ನಾದಿನಿ ಬಂದಳು. ಅವಳನ್ನು ಕೊಟ್ಟಿರುವುದು ಹೆಬ್ಬಗೋಡಿಗೆ, ನಮ್ಮಂತೆಯೇ ಹಳೇ ಊರಿನ ಮನೆತನಕ್ಕೆ. ಮಹಡಿ ಮೇಲಿನ ಅಡುಗೆಮನೆಗೆ ಬಂದು ಕೂತವಳೇ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು.

"ನಂಗೊತ್ತು ಅತ್ತಿಗೆ. ಅದು ಎಣ್ಣೆ ಸೀರೆ ಅಂತ ನೋಡಿದ ತಕ್ಷಣ ಗೊತ್ತಾಯ್ತು. ಆದ್ರೆ ನಮ್ಮನೇಲಿ ಯಾರಿಗೆ ಅಂತ ಹೇಳ್ಲಿ? ಯಾರೋ ಫೋನಲ್ಲಿ ಕಳಿಸಿದಾರೆ, ನಮ್ಮ ವಾರಗಿತ್ತಿ ಬಂದೋರ್ಗೆಲ್ಲ ತೋರಿಸ್ತಾ ಇದಾಳೆ. ಹೆತ್ತೋಳು ಬೀದೀಲಿ ಕೂತು ಅಳ್ತಿದ್ರೆ ಮಗಳು ಇಲ್ಲಿ ಫ್ಯಾನಡೀಲಿ ಮಲಗಿದಾಳೆ ಅಂತಾರೆ. ನಮ್ಮನೆಯವ್ರು ಖಡಾಖಂಡಿತ ಹೇಳಿಬಿಟ್ರು. ಒಂದು ಆ ಫೋಟೋ ಸರಿ ಹೋಗ್ಬೇಕು, ಇಲ್ಲ ಅಮ್ಮನ್ನ ನಮ್ಮನೆಗೆ ಕರ್ಕೊಂಡು ಬರ್ಬೇಕು. ನಾಲ್ಕು ಜನ ನೋಡೋ ಹಾಗೆ."

ಅತ್ತೆಯನ್ನು ಹೆಬ್ಬಗೋಡಿಗೆ! ಒಮ್ಮೆ ಮೊಮ್ಮಗುವಿನ ನಾಮಕರಣಕ್ಕೆಂದು ಹೋಗಿ ಉಳಿದವರು ಮರುದಿನ ಬೆಳಗ್ಗೆಯೇ ಆಟೋ ಮಾಡಿಕೊಂಡು ವಾಪಸು ಬಂದಿದ್ದರು. ಅಲ್ಲಿ ಜಗಲಿಯಿಲ್ಲ. ಎತ್ತರದ ಕಾಂಪೌಂಡು, ಕಬ್ಬಿಣದ ಗೇಟು, ಗೇಟಿಗೆ ತಗಡು. "ಯಾರ್ ಓದ್ರು ಯಾರ್ ಬಂದ್ರು ಒಂದೂ ಗೊತ್ತಾಗಕ್ಕಿಲ್ಲ, ಬಾವಿಯೊಳಗೆ ಕುಂತಂಗಾಯ್ತದೆ," ಎಂದಿದ್ದರು. ಎಂಬತ್ತರ ಹತ್ತಿರದ ಆ ಜೀವವನ್ನು ಒಂದು ಫೋಟೋದ ದೆಸೆಯಿಂದ ಅವರ ಜಗಲಿಯಿಂದ ಎಬ್ಬಿಸುವುದೆಂದರೆ ಏನರ್ಥ? ನಾನು ನಾದಿನಿಗೆ ಹೇಳಿದೆ: ಸ್ವಲ್ಪ ತಾಳು, ಆ ಫೋಟೋ ಇಳಿಸಿಯೇ ಇಳಿಸುತ್ತೇನೆ.

ಮುಂದಿನ ಭಾನುವಾರ, ಫೋಟೋದ ಮೂಲೆಯಲ್ಲಿದ್ದ ಹುಡುಗನ ಹೆಸರು ನೋಡಿಕೊಂಡು ಅಪಾರ್ಟ್‌ಮೆಂಟಿಗೆ ಹೋದೆ. ಗೇಟಿನಲ್ಲಿ ಹೆಸರು, ಫೋನ್ ನಂಬರು, ಯಾರ ಮನೆ, ಏನು ಕೆಲಸ ಎಲ್ಲ ಕೇಳಿದರು. ನನ್ನ ಮುಖದ ಫೋಟೋ ತೆಗೆದುಕೊಂಡರು. ಒಳಗಿನವರು ಒಪ್ಪಿದ ಸಂದೇಶ ಬರುವವರೆಗೂ ಬಿಸಿಲಲ್ಲಿ ನಿಲ್ಲಿಸಿದರು. ಕಾವಲಿನವರ ತಪ್ಪಲ್ಲ, ಅವರ ಕೆಲಸ ಅದು. ಆದರೆ ನನ್ನ ಮೈ ಉರಿಯುತ್ತಿತ್ತು. ಇವರು ನಮ್ಮ ಬೀದಿಗೆ ಬರುವಾಗ ನಾವು ಇಷ್ಟು ಕೇಳಿದ್ದರೆ ಒಂದೇ ಒಂದು ಫೋಟೋ ಆಗುತ್ತಿತ್ತೇ?

ಬಾಗಿಲು ತೆರೆದದ್ದು ಆ ಹುಡುಗನ ತಾಯಿ. ಹಣೆಗೆ ವಿಭೂತಿ, ಕೈತುಂಬ ಹಸಿರು ಬಳೆ. ಹಾವೇರಿ ಕಡೆಯವರಂತೆ, ಮಗನ ಜೊತೆ ಇರಲು ಬಂದು ಕೆಲವು ವರ್ಷಗಳಾಗಿತ್ತು. "ಬರ್ರೀ ಅಕ್ಕಾರ, ಒಳಗ ಬರ್ರಿ," ಎಂದು ಕೂರಿಸಿ, ನಾನು ಬೇಡವೆಂದರೂ ಒಗ್ಗರಣೆ ಅವಲಕ್ಕಿ ತಂದಿಟ್ಟರು. ಜಗಳಕ್ಕೆ ಹೋದವರಿಗೆ ಅವಲಕ್ಕಿ ಕೊಟ್ಟರೆ ಅರ್ಧ ಬಲ ಅಲ್ಲೇ ಹೋಗುತ್ತದೆ. ಆದರೂ ಬಂದ ಕಾರಣ ಹೇಳಿದೆ.

ಹುಡುಗ ಕಣ್ಣರಳಿಸಿದ. "ಆದ್ರೆ ಮೇಡಂ, ಅಜ್ಜಿ ಅಳ್ತಾ ಇದ್ರಲ್ಲ?"

"ಕಣ್ಣಿಗೆ ಹರಳೆಣ್ಣೆ ಬಿಟ್ಕೊಂಡಿದ್ರು ಕಣಪ್ಪಾ. ನಿನ್ನೆದುರೇ ಹೇಳಿದ್ರು, ತಲೆಗೆ ಎಣ್ಣೆ ಹಾಕ್ಕೊಂಡಿದೀನಿ, ಈಗ ಬೇಡ ಅಂತ."

ಅವನ ತಾಯಿ ಸೊಂಟಕ್ಕೆ ಕೈಯಿಟ್ಟುಕೊಂಡರು. "ನಾ ಅವತ್ತ ಹೇಳಿದ್ದಿಲ್ಲೇನೋ? ಎಣ್ಣಿ ಹಚ್ಚಿದ ತಲಿ ಐತಿ, ಬಾಯಾಗ ನಗಿ ಐತಿ, ಅಳುದ ಎಲ್ಲೈತೋ ಅಂತ ಕೇಳಿದ್ದಿಲ್ಲ? ಸುಮ್ಮನಿರು ಅವ್ವ, ನಿನಗ ತಿಳಿಯಂಗಿಲ್ಲ ಅಂದಿ."

ಅವನ ಮುಖ ಕೆಂಪಾಯಿತು. ಕಂಪ್ಯೂಟರಿನಲ್ಲಿ ಅಂದು ತೆಗೆದ ಪೂರ್ತಿ ಫೋಟೋ ತೆರೆದ. ಅಲ್ಲಿ ನಾನಿದ್ದೆ. ಎಣ್ಣೆ ಬಟ್ಟಲು ಹಿಡಿದು, ಅತ್ತೆಯ ನೆತ್ತಿಗೆ ತಟ್ಟಲೆಂದು ಇನ್ನೊಂದು ಕೈಯೆತ್ತಿ, ಹಲ್ಲು ಕಾಣುವಂತೆ ನಗುತ್ತಿದ್ದೆ. ಹಸಿರು ಗೋಡೆ ಹಸಿರಾಗಿಯೇ ಇತ್ತು. ನನ್ನ ಹಿಂದೆ ಬಾಗಿಲಲ್ಲಿ ನಮ್ಮ ಮನೆಯವರು ಟೀ ಲೋಟ ಹಿಡಿದು ನಿಂತಿದ್ದರು. ಇಷ್ಟು ಜನರ ಮಧ್ಯದಿಂದ ಅತ್ತೆಯೊಬ್ಬರನ್ನೇ ಕತ್ತರಿಸಿ ತೆಗೆದು, ಬಣ್ಣ ಹಿಂಡಿ, ಯಾರೂ ಬರಲಿಲ್ಲ ಎಂದು ಬರೆದಿದ್ದರು. ನನಗೆ ಅಳು ಬಂತು, ಸಿಟ್ಟಿನ ಅಳು.

"ನಾವೆಲ್ಲಾ ಇದೀವಲ್ಲಪ್ಪ ಇದ್ರಲ್ಲಿ. ನಮ್ಮನ್ನ ಯಾಕೆ ತೆಗೆದೆ?"

"ನಿಮ್ಮ ಮೇಲೆ ಏನೂ ಇಲ್ಲ ಮೇಡಂ. ಫ್ರೇಮ್ ತುಂಬಾ ಗಿಜಿಗಿಜಿ ಆಗ್ತಿತ್ತು. ಅದು ನಿಮ್ಮತ್ತೆ ಬಗ್ಗೆ ಅಲ್ಲವೇ ಅಲ್ಲ. ಒಟ್ಟಾರೆ ಈ ಸಿಟಿ ಬಗ್ಗೆ, ವಯಸ್ಸಾದೋರ ಒಂಟಿತನದ ಬಗ್ಗೆ. ಅವರು ಒಂದು ಥರ ಸಿಂಬಲ್ ಅಷ್ಟೇ."

"ಸಿಂಬಲ್ ಬೇಕಾದ್ರೆ ನಿಮ್ಮ ತಾಯೀನ ಕೂರಿಸಿ ತೆಗಿ."

"ಹೌದು, ನನ್ನ ತಗಿ," ಎಂದರು ಅವನ ತಾಯಿ. "ಬಾಗಲಾ ಹಾಕ್ಕೊಂಡು ದಿನಾ ಒಬ್ಬಾಕೀನ ಕುಂತಿರ್ತೀನಿ."

ಹುಡುಗ ತಲೆ ತಗ್ಗಿಸಿದ. ಕೆಟ್ಟವನಾಗಿದ್ದರೆ ಎರಡು ಮಾತು ಜಾಸ್ತಿ ಆಡಿ ಎದ್ದು ಬರಬಹುದಿತ್ತು. ಅವನು ಪಾಪದವನು, ತಪ್ಪಾಯಿತು ಎಂದ. ಆ ಫೋಟೋ ಇಳಿಸಿ ಅದರ ಜಾಗದಲ್ಲಿ ಪೂರ್ತಿ ಫೋಟೋ ಹಾಕಲು ಪ್ರದರ್ಶನದ ಗುಂಪಿನವರನ್ನು ಕೇಳುತ್ತೇನೆ ಎಂದ. ನಾನು ಹಗುರವಾಗಿ ಮನೆಗೆ ಬಂದೆ.

ಎರಡು ದಿನ ಬಿಟ್ಟು ಅವನ ಫೋನ್ ಬಂತು. ಗುಂಪಿನವರು ಒಪ್ಪಲಿಲ್ಲವಂತೆ. ಪೂರ್ತಿ ಫೋಟೋದಲ್ಲಿ ಸ್ಟೋರಿ ಇಲ್ಲವಂತೆ, ಮನೆಯ ಆಲ್ಬಮಿನ ಫೋಟೋದ ಹಾಗಿದೆಯಂತೆ. ಹೇಗೂ ತಿಂಗಳ ಕೊನೆಗೆ ಎಲ್ಲವನ್ನೂ ಇಳಿಸುತ್ತಾರಂತೆ. ಬೇಕಾದರೆ ಊರಿನ ಹೆಸರನ್ನು ಅಳಿಸುತ್ತಾರಂತೆ. ಅಳಿಸಿದರು ಕೂಡ, ಕರಿ ಟೇಪು ಅಂಟಿಸಿ. ಅದರಿಂದ ನೋಡುವವರಿಗೆ ಇನ್ನೂ ಕುತೂಹಲ ಹೆಚ್ಚಾಯಿತು. ಟೇಪಿನ ಕೆಳಗೆ ಏನಿದೆ ಎಂದು ಬಗ್ಗಿ ಬಗ್ಗಿ ಓದುತ್ತಿದ್ದರು.

ನಾನು ದಿನವಿಡೀ ಬಿಡಿಭಾಗ ಪರೀಕ್ಷಿಸುವವಳು. ಅಳತೆ ಒಂದು ಕೂದಲೆಳೆ ಹೆಚ್ಚುಕಮ್ಮಿಯಾದರೂ ತೆಗೆದು ಪಕ್ಕಕ್ಕಿಡುತ್ತೇವೆ, ಯಾರೂ ವಾದ ಮಾಡುವುದಿಲ್ಲ. ಇಲ್ಲಿ ಅರ್ಧ ಮನೆಯನ್ನೇ ಕತ್ತರಿಸಿದ್ದನ್ನು ಕಣ್ಣಾರೆ ತೋರಿಸಿದರೂ ಅದು ಸರಿ, ನಾನು ಹೇಳಿದ್ದು ತಪ್ಪು. ಯಾರ ಹತ್ತಿರ ಹೋಗಿ ಕೂಗಾಡಬೇಕು ಎಂದೂ ತಿಳಿಯಲಿಲ್ಲ. ಪೊಲೀಸರಿಗೆ ಹೇಳುವಂಥದ್ದಲ್ಲ. ನಮ್ಮ ಮನೆಯವರಿಗೆ ಹೇಳಿದರೆ ಆಕಾಶ ನೋಡುತ್ತಿದ್ದರು.

ಹುಡುಗ ಒಂದು ಉಪಕಾರ ಮಾಡಿದ. ಪೂರ್ತಿ ಫೋಟೋವನ್ನು ನನ್ನ ಫೋನಿಗೆ ಕಳಿಸಿದ. ಇದು ಸಾಕು ಎಂದುಕೊಂಡೆ. ಹೆಬ್ಬಗೋಡಿಯವರು ಇದನ್ನು ನೋಡಿದರೆ ಎಲ್ಲ ತಿಳಿಯಾಗುತ್ತದೆ. ತಕ್ಷಣ ನಾದಿನಿಗೆ ಕಳಿಸಿದೆ. ಸಂಜೆಯ ಹೊತ್ತಿಗೆ ಅವಳು ಫೋನ್ ಮಾಡಿದಳು. ದನಿ ಸತ್ತಿತ್ತು.

"ಅತ್ತಿಗೆ, ಇದು ಎಐ ಅಂತಾರೆ."

"ಏನು?"

"ನೀವು ಆಮೇಲೆ ಮಾಡ್ಸಿದ್ದು ಅಂತಾರೆ. ಈಗ ಏನ್ ಬೇಕಾದ್ರೂ ಮಾಡ್ಬಹುದಂತಲ್ಲ, ಸತ್ತೋರನ್ನೂ ನಗಿಸ್ತಾರಂತೆ. ನಮ್ಮ ವಾರಗಿತ್ತಿ ದೊಡ್ಡದು ಮಾಡ್ಕೊಂಡು ನಿಮ್ಮ ಕೈಬೆರಳು ಎಣಿಸಿದ್ಲು. ನಾಲ್ಕೇ ಇದೆ, ನೋಡಿ ಸಿಕ್ಕಾಕ್ಕೊಂಡ್ರು ಅಂದ್ಲು."

ಫೋನ್ ತೆಗೆದು ನೋಡಿದೆ. ಬಟ್ಟಲು ಹಿಡಿದ ಕೈಯಲ್ಲಿ ಹೆಬ್ಬೆರಳು ಎಣ್ಣೆಯೊಳಗೆ ಅದ್ದಿತ್ತು. ನನಗೆ ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ಗೊತ್ತಾಗಲಿಲ್ಲ. ಕತ್ತರಿಸಿದ ಫೋಟೋವನ್ನು ಎಲ್ಲರೂ ನಂಬಿದ್ದರು. ಕತ್ತರಿಸದೇ ಇದ್ದದ್ದು ಮೋಸ ಎನಿಸಿಕೊಂಡಿತ್ತು.

ಇಷ್ಟು ದಿನ ಅತ್ತೆಗೆ ಏನೂ ಹೇಳಿರಲಿಲ್ಲ. ಆದರೆ ಜಗಲಿಯ ಮೇಲೆ ಕೂತವರಿಂದ ಊರಿನ ವಿಷಯ ಎಷ್ಟು ದಿನ ಮುಚ್ಚಿಡಲಾದೀತು? ಸೊಪ್ಪಿನವಳು ಹೇಳಿದ್ದಳು: ನಿನ್ ಫೋಟೋ ಗೋಡೆಗೆ ಆಕವ್ರೆ, ಎಲೆಕ್ಷನ್‌ಗೆ ನಿಂತೋರ್ ತರ. ಅತ್ತೆ ಖುಷಿಯಿಂದ ದೊಡ್ಡ ಅಂಚಿನ ಸೀರೆ ಉಟ್ಟು ರೆಡಿಯಾಗಿ ಕೂತಿದ್ದರು. ನಾನು ಕೆಲಸದಿಂದ ಬರುತ್ತಿದ್ದಂತೆಯೇ, "ನಡಿಯಮ್ಮಿ, ತೋರ್ಸು," ಎಂದರು. ತಪ್ಪಿಸಲು ಏನೇನೋ ಹೇಳಿದೆ. ಕೇಳಲಿಲ್ಲ. ಕೈಹಿಡಿದು ನಡೆಸಿಕೊಂಡು ಹೋದೆ.

ಅವರು ಫೋಟೋದ ಮುಂದೆ ಬಹಳ ಹೊತ್ತು ನಿಂತರು. ಜಗಲಿ ನಮ್ಮದು ಎಂದರು, ಕಂಬ ನಮ್ಮದು ಎಂದರು. ತಮ್ಮ ಮುಖವನ್ನು ಮೇಲಿನಿಂದ ಕೆಳಗೆ ನೋಡಿದರು. ಆಮೇಲೆ ಕಣ್ಣು ಕಿರಿದು ಮಾಡಿಕೊಂಡು ಆ ಕಡೆ ಈ ಕಡೆ ಹುಡುಕಿದರು.

"ನೀನೆಲ್ಲಮ್ಮಿ? ತಲೆ ತಟ್ತಾ ಇದ್ಯಲ್ಲ?"

ಅಂಚಿನ ಕಪ್ಪು ಗುಡ್ಡೆ ತೋರಿಸಿದೆ. ಅತ್ತೆ ಅದರ ಮೇಲೆ ಬೆರಳಿಟ್ಟು ಸವರಿದರು, ಕೊಳೆ ಒರೆಸಿದರೆ ಒಳಗಿನದು ಕಾಣಬಹುದು ಎನ್ನುವಂತೆ. ಕೆಳಗೆ ಏನು ಬರೆದಿದೆ ಎಂದು ಕೇಳಿದರು. ಸುಳ್ಳು ಹೇಳಬಹುದಿತ್ತು. ನನಗೆ ಸುಳ್ಳು ಸಾಕಾಗಿತ್ತು, ಇದ್ದದ್ದನ್ನು ಓದಿದೆ.

"ಬತ್ತೀನಿ ಅಂತ ಯೋಳಿ ಬರ್ದೇ ಇದ್ದೋನು ಅವ್ನೇ ಅಲ್ವಾ?" ಎಂದರು. ಮನೆಗೆ ಬಂದ ಮೇಲೆ ಹೆಬ್ಬಗೋಡಿಯ ವಿಷಯವನ್ನೂ ಹೇಳಿದೆ. ಹೇಳದಿದ್ದರೆ ನಾದಿನಿಯೇ ಬಂದು ಹೇಳುತ್ತಿದ್ದಳು.

ಅವರು ಸಿಟ್ಟಾಗುತ್ತಾರೆ, ಆ ಹುಡುಗನಿಗೂ ಬೀಗರಿಗೂ ಬಾಯಿಗೆ ಬಂದಂತೆ ಬೈಯುತ್ತಾರೆ, ನನಗೂ ಸಮಾಧಾನವಾಗುತ್ತದೆ ಎಂದುಕೊಂಡಿದ್ದೆ. ಅತ್ತೆ ಬೈಯಲಿಲ್ಲ. "ಓಯ್ತೀನಿ ಬುಡು," ಎಂದರು.

"ಎಲ್ಲಿಗೆ?"

"ಎಬ್ಬಗೋಡಿಗೆ. ಅವ್ಳು ಗಂಡನ ಮನೇಲಿ ತಲೆ ಎತ್ಕೊಂಡ್ ಓಡಾಡ್ಬೇಕಲ್ಲ. ನಾನಿಲ್ಲಿ ಕುಂತ್ರೆ ತಾನೆ ನಿಂಗೂ ಕೆಟ್ಟೆಸ್ರು? ಕುಂತಿಲ್ದೆ ಓದ್ರೆ ಏನ್ ತಗೀತಾರೆ?"

ಬೇಡ ಅತ್ತೆ, ನೀವು ಹೋದರೆ ಅವರ ಮಾತೇ ನಿಜವಾಗುತ್ತದೆ ಎಂದು ಬಿಡಿಸಿ ಬಿಡಿಸಿ ಹೇಳಿದೆ. ಜಗಳವಾಡಿದೆ. ನಮ್ಮ ಮನೆಯವರೂ ಮೊದಲ ಸಲ ದನಿಯೆತ್ತಿದರು. ಗೋಡೆಗೆ ಹೇಳಿದಂತಾಯಿತು. ನಾದಿನಿಯ ಗಂಡ ಕಾರು ತಂದ. ಅತ್ತೆ ಬಟ್ಟೆಯ ಚೀಲ ಹಿಡಿದು ಬಾಗಿಲಿಗೆ ಬಂದರು.

ನಾನು ಹೆದರಿದ್ದೇ ಆಯಿತು. ಬಸ್ ಸ್ಟಾಪಿನಲ್ಲಿ, ಅಂಗಡಿಯಲ್ಲಿ, ನಮ್ಮ ಬೀದಿಯಲ್ಲಿಯೇ, ಅಷ್ಟು ವರ್ಷ ಎಣ್ಣೆ ತಟ್ಟುವ ಸದ್ದು ಕೇಳಿದವರೂ ಅಂದರು: ಸದ್ಯ, ಮಗಳಾದರೂ ಕರೆದುಕೊಂಡು ಹೋದಳಲ್ಲ. ತಿಂಗಳ ಕೊನೆಗೆ ಫೋಟೋ ಇಳಿಸಿದರು. ಇನ್ನಾದರೂ ಬನ್ನಿ ಎಂದು ಅತ್ತೆಗೆ ಫೋನ್ ಮಾಡಿದೆ. "ಈಗ್ಲೇ ಬಂದ್ರೆ ಮಗಳೂ ಓಡಿಸ್ಬುಟ್ಲು ಅಂತಾರೆ ಕಣಮ್ಮಿ. ತಡಿ, ಸ್ವಲ್ಪ ದಿನ ಓಗ್ಲಿ," ಎಂದರು. ಆ ಸ್ವಲ್ಪ ದಿನ ಇನ್ನೂ ಮುಗಿದಿಲ್ಲ. ಅಲ್ಲಿ ಅವರಿಗೆ ಏನೂ ಕಮ್ಮಿಯಿಲ್ಲ. ಮಗಳು ಬಚ್ಚಲಿನಲ್ಲಿ ಕೂರಿಸಿ, ಬಾಗಿಲು ಹಾಕಿಕೊಂಡು ಎಣ್ಣೆ ಹಚ್ಚುತ್ತಾಳೆ.

ಭಾನುವಾರ ಬೆಳಿಗ್ಗೆ ಅತ್ತೆ ನನಗೆ ಫೋನ್ ಮಾಡುತ್ತಾರೆ. ಆಗ ನಾನು ಜಗಲಿಯ ಮೇಲೆ ಕೂರಬೇಕು. ಜಾಲಹಳ್ಳಿಯ ಹುಡುಗಿಗೆ ಇಷ್ಟು ವರ್ಷಗಳಲ್ಲಿ ಬರದಿದ್ದ ಅಭ್ಯಾಸ ಈಗ ಬಂದಿದೆ. ಕೂತು, ರಸ್ತೆಯಲ್ಲಿ ಯಾರು ಹೋದರು, ಯಾರ ಮನೆಯ ಹಸು ಬಂತು, ಸೊಪ್ಪಿನವಳು ಏನು ತಂದಿದ್ದಾಳೆ, ಬಾಡಿಗೆಯವರ ಮಗು ನಡೆಯಿತೇ, ಎಲ್ಲ ಹೇಳುತ್ತೇನೆ. ಅವರು ಹೂಂ ಹೂಂ ಎನ್ನುತ್ತಾರೆ. ನಾನು ಯಾರನ್ನಾದರೂ ಬಿಟ್ಟರೆ ಅವರೇ ಕೇಳುತ್ತಾರೆ.

ಕಳೆದ ಭಾನುವಾರ ಹೀಗೆ ಹೇಳುತ್ತಿದ್ದಾಗ ಬೀದಿಯ ತುದಿಯಲ್ಲಿ ಗುಂಪು ಕಾಣಿಸಿತು. ಆ ಹುಡುಗ ಇರಲಿಲ್ಲ, ಎಲ್ಲ ಹೊಸಬರು. ಒಬ್ಬಳು ನನ್ನನ್ನು ನೋಡಿ ನಿಂತಳು. ಮುಖ ಮೆತ್ತಗೆ ಮಾಡಿಕೊಂಡು ಕ್ಯಾಮೆರಾ ಎತ್ತಿದಳು.

"ಯಾಕಮ್ಮಿ ಸುಮ್ಕಾದೆ? ಯಾರ್ ಬಂದ್ರು?" ಎಂದರು ಅತ್ತೆ.

"ಫೋಟೋದವ್ರು ಅತ್ತೆ."

ಅವರು ದನಿ ತಗ್ಗಿಸಿ, ಪಕ್ಕದಲ್ಲಿ ಯಾರೋ ಕೇಳಿಸಿಕೊಳ್ಳುತ್ತಾರೆ ಎನ್ನುವಂತೆ ಹೇಳಿದರು: "ಒಳಕ್ಕೋಗು. ಓಗಿ ಬಾಗ್ಲಾಕ್ಕೊ."

ಬಾಗಿಲು ಹಾಕಿಕೋ ಎಂದು ಅವರು ಯಾರಿಗೂ ಹೇಳಿದ್ದನ್ನು ನಾನು ಕೇಳಿರಲಿಲ್ಲ. ನಾನು ಏಳಲಿಲ್ಲ. ಪಾರ್ಸಲ್‌ನವನು ಹೋದ ಅತ್ತೆ, ಅವನ ಹಿಂದೆ ನಾಯಿ ಹೋಯಿತು, ಎಂದು ಹೇಳುತ್ತಲೇ ಇದ್ದೆ. ಅತ್ತೆ ಹೂಂ ಎನ್ನಲಿಲ್ಲ.